ದಿನಕ್ಕೊಂದು ಸಾಲು

ನಮ್ಮ ಮನೆಯ ಅಟ್ಟದ ಮೇಲೊಂದು ಕಬ್ಬಿಣದ ಟ್ರಂಕ್ ಇದೆ. ಅದರಲ್ಲಿ ಅರ್ಧ ಹೊಲಿದ ಕೌದಿಯೊಂದು ನಾಲ್ಕು ವರ್ಷ ಹಾಗೇ ಬಿದ್ದಿತ್ತು. ಮಾವ ತೀರಿಕೊಂಡ ವರ್ಷದ ಬೇಸಿಗೆಯಲ್ಲಿ ಅತ್ತೆ ಅವರ ಧೋತರಗಳನ್ನೂ ತಮ್ಮ ಹಳೆಯ ಇಳಕಲ್ ಸೀರೆಗಳನ್ನೂ ಒಂದರ ಮೇಲೊಂದು ಹಾಸಿಕೊಂಡು ಹೊಲಿಯಲು ಕುಳಿತಿದ್ದರು. 27 ಸಾಲು ಮುಗಿಯುವಷ್ಟರಲ್ಲಿ ಕಣ್ಣು ಮಂಜಾಯಿತು. ಪೊರೆ ತೆಗೆಸಿದ ಮೇಲೂ ಸೂಜಿಗೆ ದಾರ ಪೋಣಿಸುವಷ್ಟು ನೋಟ ಮರಳಲಿಲ್ಲ. "ಇದನ್ನ ನೀನ ಮುಗಸವಾ" ಎಂದು ನನ್ನ ಕೈಗೆ ಕೊಟ್ಟರು. "ಈ ರಜೆಯಲ್ಲಿ ಮುಗಿಸ್ತೀನಿ ಅತ್ತೆ" ಎಂದೆ. ಅಂಥ ನಾಲ್ಕು ರಜೆಗಳು ಕಳೆದವು.

ನಾನು ಬ್ಯಾಂಕ್ ನೌಕರಳು. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ತಿರುಗಿ ಬರುವುದು ಸಂಜೆ ಏಳಕ್ಕೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ಇದೆ, ನಿಜ. ಆ ದಿನ ಗಿರಣಿ, ಗ್ಯಾಸು, ಮಗಳ ಶಾಲೆಯ ಸಭೆ, ಯಾರದೋ ಗೃಹಪ್ರವೇಶ. ಇಡೀ ದಿನ ಬಿಡುವು ಸಿಕ್ಕಾಗ ಕೂರೋಣ ಎಂದು ಕಾಯುತ್ತಿದ್ದೆ. ಅಂಥ ದಿನ ಬರಲೇ ಇಲ್ಲ.

ಕಳೆದ ವರ್ಷ ಮಾರ್ಚ್ ಲೆಕ್ಕ ಮುಗಿದ ಮೇಲೆ ಟ್ರಂಕ್ ತೆಗೆದರೆ, ಕೌದಿಯ ಒಂದು ಮೂಲೆಯನ್ನು ಇಲಿ ಕಡಿದಿತ್ತು. ಮಾವನ ಧೋತರದ ಅಂಚು ಅಂಗೈ ಅಗಲ ಹೋಗಿತ್ತು. ಅತ್ತೆ ಅದರ ಮೇಲೆ ಕೈ ಆಡಿಸಿದರು, ಏನೂ ಅನ್ನಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಟೈಮೇ ಸಿಗಲಿಲ್ಲ ಅತ್ತೆ" ಎಂದೆ. ಆಗ ಮಾತ್ರ ಅವರು ಬಾಯಿ ಬಿಟ್ಟರು: "ನಮಗರ ಯಾವಾಗ ಸಿಕ್ಕಿತ್ತವಾ? ಹೊಲದಾಗಿಂದ ಬಂದು, ರೊಟ್ಟಿ ಬಡದು, ದನಕ್ಕ ನೀರ ಕುಡಿಸಿ, ಆಮ್ಯಾಲೆ ಹೊಲೀತಿದ್ವಿ."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಕೌದಿ ಎಂದರೆ ಮನೆಯಲ್ಲಿ ಬಿಡುವಾಗಿದ್ದ ಹೆಂಗಸರ ಕೆಲಸ ಎಂದುಕೊಂಡಿದ್ದೆ. ಹಾಗಲ್ಲ. ಕೌದಿ ಹೊಲಿದವರಲ್ಲಿ ಹೆಚ್ಚಿನವರು ದಿನವಿಡೀ ದುಡಿಯುತ್ತಿದ್ದವರೇ. ನಮ್ಮ ಎರೆಭೂಮಿಯ ಕಡೆ ಹಿಂಗಾರು ಜೋಳದ ಸುಗ್ಗಿ ಮುಗಿದು ಮುಂಗಾರಿನ ಮೊದಲ ಮಳೆ ಬೀಳುವವರೆಗೆ ಹೊಲದಲ್ಲಿ ಕೆಲಸ ಕಡಿಮೆ. ಅದೇ ಕೌದಿಯ ಕಾಲ. ಅದೂ ಇಡೀ ದಿನವಲ್ಲ, ಮಧ್ಯಾಹ್ನದ ಊಟವಾದ ಮೇಲೆ ಬಿಸಿಲು ಇಳಿಯುವ ತನಕ. ಪಡಸಾಲೆಯಲ್ಲಿ ಕೌದಿ ಹಾಸಿದರೆ ಓಣಿಯ ನಾಲ್ಕು ಜನ ನಾಲ್ಕು ಕಡೆ ಕೂರುತ್ತಿದ್ದರು. ಇವತ್ತು ನಿಮ್ಮನೆಯದು, ನಾಳೆ ನಮ್ಮನೆಯದು. ನನ್ನ ಮಟ್ಟಿಗೆ ಹೇಳುವುದಾದರೆ, ನಾವು ಕಳೆದುಕೊಂಡದ್ದು ಸಮಯಕ್ಕಿಂತ ಹೆಚ್ಚಾಗಿ ಆ ಉಳಿದ ಮೂರು ಕಡೆಯವರನ್ನು.

ಕೌದಿ ನೋಡದ ಮಕ್ಕಳಿಗೆ ಒಂದು ಮಾತು. ಉಟ್ಟು ಹಳೆಯದಾದ ಹತ್ತಿಯ ಸೀರೆ, ಧೋತರಗಳನ್ನು ಮೂರು ನಾಲ್ಕು ಪದರವಾಗಿ ಹಾಸಿ, ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ ಸಾದಾ ಹೊಲಿಗೆಯಲ್ಲಿ ಒಂದು ಮಾಡಿದ ಹೊದಿಕೆ ಅದು. ಮೇಲಿನ ಪದರಕ್ಕೆ ಬಣ್ಣದ ತುಂಡುಗಳನ್ನು ಜೋಡಿಸುತ್ತಾರೆ. ನಮ್ಮ ಕೌದಿಯಲ್ಲಿ ಗುಳೇದಗುಡ್ಡದ ಖಣದ ಚೂರುಗಳಿವೆ, ಅತ್ತೆಯ ಮದುವೆಯ ಕುಪ್ಪಸದವು. ಹತ್ತಿ ಬಟ್ಟೆ ಒಗೆದಷ್ಟೂ ಮೆತ್ತಗಾಗುತ್ತದೆ, ಬೆವರು ಹೀರುತ್ತದೆ, ಸೂಜಿಗೆ ಸಲೀಸಾಗಿ ದಾರಿ ಬಿಡುತ್ತದೆ. ನೈಲಾನ್ ಸೀರೆ ಹಾಕಿದರೆ ಪದರಗಳು ಒಂದರ ಮೇಲೊಂದು ಜಾರಿ ಹೊಲಿಯುವವರನ್ನು ಗೋಳು ಹೊಯ್ದುಕೊಳ್ಳುತ್ತವೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಇರುವ ಸಿದ್ದಿ ಸಮುದಾಯದ ಹೆಂಗಸರ ಕೌದಿಯ ರೀತಿಯೇ ಬೇರೆ. ಅವರು ಅಂಚಿನಿಂದ ಶುರುಮಾಡಿ, ತುಂಡಿಗೆ ತುಂಡು ಸೇರಿಸುತ್ತ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಮುಗಿದ ಕೌದಿಯಲ್ಲ. ಹೊಲ, ಕಾಡು, ಕೂಲಿ ಎಂದು ತಿರುಗುವ ಕೈಗಳೇ ಅವೂ.

ಇನ್ನು ನಮ್ಮ ಮನೆಯ ಕಥೆ. ಲೆಕ್ಕ ಹಾಕಿದ್ದು ಏಳನೆಯ ತರಗತಿಯ ಮಗಳು. ಕೌದಿ ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಅಗಲವೆಂದರೆ ಸುಮಾರು 137 ಸೆಂಟಿಮೀಟರ್. ಸಾಲಿನಿಂದ ಸಾಲಿಗೆ ಒಂದು ಬೆರಳಿನಷ್ಟು, ಅಂದರೆ 2 ಸೆಂಟಿಮೀಟರ್ ಬಿಟ್ಟರೆ ಒಟ್ಟು 68 ಸಾಲು. ಎಲ್ಲ ಸಾಲುಗಳನ್ನೂ ಒಂದಕ್ಕೊಂದು ಸೇರಿಸಿದರೆ 124 ಮೀಟರ್, ಅವಳ ಶಾಲೆಯ ನೂರು ಮೀಟರ್ ಓಟಕ್ಕಿಂತ ಉದ್ದ! ಆಯಿ (ಅವಳು ಅಜ್ಜಿಯನ್ನು ಕರೆಯುವುದು ಹಾಗೆ) 27 ಸಾಲು ಮುಗಿಸಿದ್ದರು. ಉಳಿದದ್ದು 41. ಗಡಿಯಾರ ನೋಡಿ ಒಂದು ಸಾಲು ಹೊಲಿದೆ, 20 ನಿಮಿಷ ಹಿಡಿಯಿತು. "ಹಂಗಾದ್ರ 820 ನಿಮಿಷ ಮಮ್ಮಿ. 13 ತಾಸು 40 ನಿಮಿಷ. ಇಷ್ಟಕ್ಕ ನಾಲ್ಕು ವರ್ಷ ಮಾಡಿದ್ಯಾ?"

ಉತ್ತರ ಕೊಡುವಂತಿರಲಿಲ್ಲ. ದಿನಕ್ಕೊಂದು ಸಾಲು ಎಂದು ನಿಶ್ಚಯವಾಯಿತು.

ಮೊದಲ ವಾರ ಎಲ್ಲವೂ ಕೆಟ್ಟಿತು. ಬಸ್ಸಿನಲ್ಲಿ ಹೋಗಿ ಬರುವ ಹೊತ್ತು ವ್ಯರ್ಥವಾಗಬಾರದೆಂದು ಬಣ್ಣದ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಚಿಗರಿ ಬಸ್ ಹತ್ತಿದೆ. ಎರಡನೆಯ ನಿಲ್ದಾಣದಲ್ಲೇ ಬ್ರೇಕ್ ಹಾಕಿದ್ದಕ್ಕೆ ಸೂಜಿ ಹೆಬ್ಬೆರಳಿಗೆ ಇಳಿಯಿತು. ಬಸ್ಸಿನಲ್ಲಿ ಹೊಲಿಯುವ ಆಸೆ ಅಲ್ಲಿಗೇ ಬಿಟ್ಟೆ. ರಾತ್ರಿ ಊಟವಾದ ಮೇಲೆ ಕೂತೆ, ತೂಕಡಿಸುತ್ತ ಹೊಲಿದದ್ದನ್ನು ಮರುದಿನ ಬಿಚ್ಚಬೇಕಾಯಿತು. ಕೊನೆಗೆ ಗೊತ್ತಾದದ್ದು, ಹೊತ್ತಿಗಿಂತ ಹೆಚ್ಚಾಗಿ ಕಾಡುವುದು ತಯಾರಿ. ಸೂಜಿ ಹುಡುಕಿ, ದಾರ ಪೋಣಿಸಿ, ಕೌದಿ ತೆಗೆದು ಹಾಸುವಷ್ಟರಲ್ಲೇ ಹತ್ತು ನಿಮಿಷ ಹೋಗುತ್ತಿತ್ತು.

ಇದಕ್ಕೆ ದಾರಿ ಹುಡುಕಿದವಳೂ ಮಗಳೇ. ಒಂದು ಸಾಲಿಗೆ ಮೂರು ಸೂಜಿ ದಾರ ಬೇಕು. ಶಾಲೆಗೆ ಹೋಗುವ ಮುಂಚೆ ಅವಳು ಆರು ಸೂಜಿ ಪೋಣಿಸಿ, ದಾರವನ್ನು ಮೇಣದ ಬತ್ತಿಗೆ ಒಮ್ಮೆ ಉಜ್ಜಿ (ಗಂಟು ಬೀಳುವುದಿಲ್ಲ), ಹಳೆಯ ದಿಂಬಿಗೆ ಚುಚ್ಚಿಟ್ಟು ಹೋಗತೊಡಗಿದಳು. ಮೂರು ನನಗೆ, ಮೂರು ಆಯಿಗೆ. ಹೌದು, ಆಯಿಗೆ. ದಾರ ಪೋಣಿಸಲು ಕಣ್ಣು ಬೇಕು, ಹೊಲಿಯಲು ಅವರಿಗೆ ಬೆರಳು ಸಾಕಾಗಿತ್ತು. ಎಡಗೈ ಹೆಬ್ಬೆರಳಿನಿಂದ ಹಿಂದಿನ ಸಾಲನ್ನು ಸವರಿ, ಅದರ ಪಕ್ಕದಲ್ಲೇ ಸೂಜಿ ಇಳಿಸುತ್ತಿದ್ದರು. ನಾಲ್ಕು ವರ್ಷ ಅವರನ್ನು ಸುಮ್ಮನೆ ಕೂರಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಅಜ್ಜಿಯರಿರುವ ಮನೆಯ ಮಕ್ಕಳೇ, ಸೂಜಿ ಪೋಣಿಸಿಕೊಡಲು ಎರಡು ನಿಮಿಷ ಸಾಕು. ಆದರೆ ಸೂಜಿಗಳನ್ನು ಎಣಿಸಿ ಇಡಿ, ಎಣಿಸಿ ತೆಗೆಯಿರಿ. ಹಾಸಿಗೆಯಲ್ಲಿ ಕಳೆದುಹೋದ ಸೂಜಿ ತಮಾಷೆಯಲ್ಲ.

ಕೌದಿಯನ್ನು ದಿನವೂ ಮಡಚಿ ಅಟ್ಟಕ್ಕೆ ಹಾಕುವುದನ್ನು ನಿಲ್ಲಿಸಿದೆವು. ಪಡಸಾಲೆಯ ಮಂಚದ ಮೇಲೆ ಅದು ಹಾಸಿಯೇ ಇರುತ್ತಿತ್ತು. ಬಂದವರು ಏನೆಂದುಕೊಂಡಾರೋ ಎಂದು ಮೊದಲು ಮುಜುಗರವಾಗಿತ್ತು. ಬಂದವರಲ್ಲಿ ಅರ್ಧ ಜನ ಮಾತಾಡುತ್ತಲೇ ಸೂಜಿ ಎತ್ತಿಕೊಂಡರು. ಇಲಿ ಕಡಿದ ಮೂಲೆಗೆ ತೇಪೆ ಹಾಕಲು ಬ್ಯಾಂಕಿನ ಸಹೋದ್ಯೋಗಿಯೊಬ್ಬರು ತಮ್ಮ ತಾಯಿಯ ಸೀರೆಯ ಸೆರಗು ತಂದುಕೊಟ್ಟರು. ಊಟದ ಬಿಡುವಿನಲ್ಲಿ ಅದರ ಅಂಚು ಮಡಚಿ ಟಾಕು ಹಾಕಿದೆ. ಅಂಥ ಚಿಕ್ಕ ಕೆಲಸ ಡಬ್ಬಿಯ ಚೀಲದಲ್ಲೇ ಹಿಡಿಸುತ್ತದೆ.

41 ದಿನಕ್ಕೆ ಮುಗಿಯಿತೇ? ಇಲ್ಲ. ಮಗಳಿಗೆ ಜ್ವರ ಬಂತು, ಆಡಿಟ್ ಬಂತು, ಒಂದು ವಾರ ಮದುವೆಗಳೇ ಆದವು. ತಪ್ಪಿದ ದಿನದ ಸಾಲನ್ನು ಮರುದಿನ ಸೇರಿಸಿ ಹೊಲಿಯಲು ಹೋಗಿ ಒಮ್ಮೆ ಕುತ್ತಿಗೆ ಹಿಡಿದುಕೊಂಡಿತು. ಆಮೇಲೆ ಬಾಕಿ ಲೆಕ್ಕ ಇಡುವುದನ್ನೇ ಬಿಟ್ಟೆವು, ಬ್ಯಾಂಕಿನವಳಾದರೂ. ಯುಗಾದಿಯ ನಂತರ ಹಿಡಿದದ್ದು ನಾಗರಪಂಚಮಿಯ ಹಿಂದಿನ ವಾರ ಮುಗಿಯಿತು. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದಿತ್ತು, ಹೊದೆಯಲು ಸರಿಯಾದ ಕಾಲ.

ಕೊನೆಯ ಮೂಲೆ ಮುಚ್ಚುವ ಮುಂಚೆ ಅತ್ತೆ ಜೋಳದ ರೊಟ್ಟಿಯ ಒಂದು ಚೂರು ಕೇಳಿದರು. ಕೌದಿಯ ಹೊಟ್ಟೆ ಖಾಲಿ ಇರಬಾರದು ಎಂಬುದು ಅವರ ಹಿರಿಯರ ರೂಢಿ. "ಮತ್ತೆ ಇಲಿ ಬರ್ತದ ಅತ್ತೆ" ಎಂದೆ. "ಬರಲಿ ಬಿಡು, ಇನ್ನ ಇದು ಟ್ರಂಕಿನಾಗ ಇರಂಗಿಲ್ಲ" ಎಂದು ಉಗುರಿನಷ್ಟು ಚೂರನ್ನು ಒಳಗಿಟ್ಟು ಹೊಲಿಸಿದರು.

ಆ ರಾತ್ರಿ ಅವರು ಅದನ್ನೇ ಹೊದ್ದುಕೊಂಡರು. ದೀಪ ಆರಿಸಲು ಹೋದಾಗ ಎಚ್ಚರವಾಗಿಯೇ ಇದ್ದರು, ಬೆರಳಿನಿಂದ ಸಾಲುಗಳನ್ನು ಸವರುತ್ತಿದ್ದರು. "ಇದು ನಂದು. ಇದು ಕೂಸಿಂದು, ದೊಡ್ಡದೊಡ್ಡ ಹೊಲಿಗಿ. ಇದು ನಿಂದು" ಎಂದರು. ಮುಂದಿನ ಸಾಲಿನ ಮೇಲೆ ಬೆರಳು ನಿಂತಿತು. "ಇದೂ ನಿಂದ. ಆವತ್ತ ಯಾರ ಮ್ಯಾಲೆ ಸಿಟ್ಟಾಗಿತ್ತವಾ?"

ಎಣಿಸಿ ನೋಡಿದೆ. ಅದು ಆಡಿಟ್ ನಡೆದ ವಾರದ ಸಾಲು.