ಒಂದು ಪುಟ್ಟ ದೇಶ, ಹಲವು ನಕ್ಷೆಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಉದ್ಯೋಗವನ್ನರಸಿ ಊರು ಬಿಟ್ಟು ಬಂದು ಮಹಾನಗರದಲ್ಲಿ ನೆಲೆನಿಂತ ನಮ್ಮಂಥವರಿಗೆ ಎರಡಕ್ಕೂ ಬಿಡುವು ಕಡಿಮೆ. ಆದರೆ ಈ ಎರಡು ಕೆಲಸಗಳನ್ನೂ ಒಂದೇ ಹಾಳೆಯ ಮೇಲೆ ಮಾಡಿಸಬಲ್ಲ ಸಾಧನವೊಂದಿದೆ, ಅದೇ ನಕ್ಷೆ. ಗಡಿ, ನದಿ, ರಾಜಧಾನಿಗಳನ್ನು ಗುರುತಿಸಿ ಶಾಲೆಯ ಗೋಡೆಗೆ ತೂಗುಹಾಕುವ ಬಣ್ಣದ ಹಾಳೆಯೇ ನಕ್ಷೆಯೆಂಬುದು ನಮ್ಮಲ್ಲಿ ಬಹುಮಂದಿಯ ತಿಳುವಳಿಕೆ. ವಾಸ್ತವವಾಗಿ ಪ್ರತಿಯೊಂದು ನಕ್ಷೆಯೂ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ಪ್ರಶ್ನೆ ಬದಲಾದರೆ ಅದೇ ನೆಲದ ಚಿತ್ರವೂ ಬದಲಾಗುತ್ತದೆ. ಲೆಕ್ಕಪತ್ರ ಬಲ್ಲವರಿಗೆ ಇದು ಹೊಸ ಮಾತಲ್ಲ: ಒಂದೇ ಸಂಸ್ಥೆಯ ಲಾಭ-ನಷ್ಟದ ಪಟ್ಟಿ ಹೇಳುವ ಕಥೆ ಬೇರೆ, ಆಸ್ತಿ-ಹೊಣೆಗಳ ಪಟ್ಟಿ ಹೇಳುವ ಕಥೆ ಬೇರೆ. ಇದಕ್ಕೆ ನೆದರ್ಲೆಂಡ್ಸ್ ಎಂಬ ಪುಟ್ಟ ದೇಶ ಒಳ್ಳೆಯ ನಿದರ್ಶನ.

ಮೊದಲು ಸಾಮಾನ್ಯ ಭೂಪಟವನ್ನೇ ನೋಡೋಣ. ಈ ದೇಶದ ವಿಸ್ತೀರ್ಣ ಸುಮಾರು 41,500 ಚದರ ಕಿಲೋಮೀಟರು. ಅಂದರೆ ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತಲೂ ಕಡಿಮೆ. ಅದರಲ್ಲಿಯೂ ಸುಮಾರು ಐದನೆಯ ಒಂದು ಭಾಗ ನೀರು. ಉಳಿದ ನೆಲದ ಮೇಲೆ ಸುಮಾರು 1 ಕೋಟಿ 80 ಲಕ್ಷ ಜನ ವಾಸಿಸುತ್ತಾರೆ. ನಾವು ಈ ದೇಶವನ್ನು ವಾಡಿಕೆಯಲ್ಲಿ ಹಾಲೆಂಡ್ ಎನ್ನುವುದುಂಟು. ಆದರೆ ಅಲ್ಲಿನ 12 ಪ್ರಾಂತಗಳ ಪೈಕಿ ಆ ಹೆಸರನ್ನು ಹೊತ್ತವು ಉತ್ತರ ಹಾಲೆಂಡ್ ಮತ್ತು ದಕ್ಷಿಣ ಹಾಲೆಂಡ್ ಎಂಬ ಎರಡು ಮಾತ್ರ. ಸಾಮಾನ್ಯ ಭೂಪಟ ಇಷ್ಟನ್ನು ಹೇಳಿ ಸುಮ್ಮನಾಗುತ್ತದೆ.

ಸಿಂಹವಾದ ನಾಡು

1583ರಲ್ಲಿ ಮಿಖಾಯೆಲ್ ಐಟ್ಸಿಂಗರ್ ಎಂಬ ಆಸ್ಟ್ರಿಯದ ವಿದ್ವಾಂಸನು ಒಂದು ವಿಚಿತ್ರ ನಕ್ಷೆಯನ್ನು ಪ್ರಕಟಿಸಿದನು. ಇಂದಿನ ನೆದರ್ಲೆಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್‌ಗಳನ್ನೊಳಗೊಂಡ ಆಗಿನ 17 ಪ್ರಾಂತಗಳ ಕರಾವಳಿಯನ್ನು ಬೆನ್ನಾಗಿಸಿ, ಗರ್ಜಿಸುವ ಸಿಂಹವೊಂದರ ಮೈಯೊಳಗೆ ಊರುಗಳನ್ನೂ ನದಿಗಳನ್ನೂ ಕೂರಿಸಿದ ನಕ್ಷೆಯದು. ಆ ನಾಡಿನ ಜನ 1568ರಿಂದ ಸ್ಪೇನಿನ ದೊರೆಯ ವಿರುದ್ಧ ಹೋರಾಡುತ್ತಿದ್ದರು. ಹಲವು ಪ್ರಾಂತಗಳ ಲಾಂಛನದಲ್ಲಿ ಸಿಂಹವಿತ್ತು. ದೂರವನ್ನು ಅಳೆಯುವವನಿಗೆ ಈ ನಕ್ಷೆಯಿಂದ ಹೆಚ್ಚಿನ ಪ್ರಯೋಜನವಿರಲಿಲ್ಲ. ಆದರೆ ಒಡೆದು ಹಂಚಿಹೋಗಿದ್ದ ಪ್ರಾಂತಗಳನ್ನು ಒಂದೇ ಜೀವವಾಗಿ ಕಾಣಿಸುವ ಕೆಲಸವನ್ನು ಅದು ಮಾಡಿತು. ಮುಂದೆ ಶತಮಾನದುದ್ದಕ್ಕೂ ಬೇರೆ ಬೇರೆ ನಕ್ಷೆಗಾರರು ಆ ಸಿಂಹವನ್ನು ತಮ್ಮ ಕಾಲಕ್ಕೆ ತಕ್ಕಂತೆ ಮತ್ತೆ ಮತ್ತೆ ಬರೆದರು.

ತಡೆಗೋಡೆ ಇಲ್ಲದಿದ್ದರೆ?

ಈ ದೇಶದ ಎಲ್ಲ ತಡೆಗೋಡೆಗಳನ್ನೂ ದಿಬ್ಬಗಳನ್ನೂ ಕ್ಷಣಕಾಲ ಇಲ್ಲವೆಂದು ಭಾವಿಸಿ, ನೀರು ಎಲ್ಲೆಲ್ಲಿಗೆ ಬಂದೀತೋ ಅಲ್ಲೆಲ್ಲ ನೀಲಿ ಬಣ್ಣ ಹಚ್ಚಿದ ನಕ್ಷೆಯೊಂದುಂಟು. ಅದನ್ನು ಕಂಡವರು ಬೆಚ್ಚುವಂತಾಗುತ್ತದೆ. ದೇಶದ ಶೇಕಡಾ 26ರಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಇನ್ನೂ ಶೇಕಡಾ 29ರಷ್ಟು ನೆಲ ನದಿಗಳ ಪ್ರವಾಹಕ್ಕೆ ಸಿಲುಕಬಲ್ಲದು. ಸಾಮಾನ್ಯ ಭೂಪಟದ ಅರ್ಧಕ್ಕಿಂತ ಹೆಚ್ಚು ಭಾಗ ಈ ನಕ್ಷೆಯಲ್ಲಿ ನೀಲಿಯಾಗುತ್ತದೆ. ಅತಿ ತಗ್ಗಿನ ಜಾಗ ಸಮುದ್ರಮಟ್ಟಕ್ಕಿಂತ 6.76 ಮೀಟರು ಕೆಳಗೆ, ಅಂದರೆ ಎರಡು ಅಂತಸ್ತಿನ ಮನೆ ಮುಳುಗುವಷ್ಟು ಆಳದಲ್ಲಿದೆ.

ಇಂಥ ನಕ್ಷೆಗೆ ನೆಲದ ಎತ್ತರದ ಕರಾರುವಾಕ್ಕಾದ ಲೆಕ್ಕ ಬೇಕು. 1675ರ ಪ್ರವಾಹದ ಬಳಿಕ ಆಮ್‌ಸ್ಟರ್‌ಡ್ಯಾಮ್ ನಗರದವರು ನೀರಿನ ಮಟ್ಟವನ್ನು ಗುರುತಿಸಲು 1683–84ರಲ್ಲಿ ತೂಬುಗಳಲ್ಲಿ ಎಂಟು ಅಮೃತಶಿಲೆಯ ಕಲ್ಲುಗಳನ್ನು ನೆಡಿಸಿದರು. ಇಂದಿಗೂ ಆ ದೇಶದ ಎತ್ತರಗಳನ್ನೆಲ್ಲ ಆಮ್‌ಸ್ಟರ್‌ಡ್ಯಾಮ್ ಮಟ್ಟದಿಂದಲೇ ಎಣಿಸುತ್ತಾರೆ. ಈಗ ವಿಮಾನದಿಂದ ಲೇಸರ್ ಕಿರಣ ಹಾಯಿಸಿ ದೇಶದ ಮೂಲೆಮೂಲೆಯನ್ನೂ ಅಳೆದಿದ್ದಾರೆ. ಆ ಲೆಕ್ಕ ಯಾರಿಗಾದರೂ ಉಚಿತವಾಗಿ ಲಭ್ಯ.

ನೀರಿನಿಂದ ಪಡೆದ ನೆಲ

ನೆಲವು ಯಾವ ವರ್ಷ ನೀರಿನಿಂದ ಹೊರಬಂದಿತೆಂಬುದನ್ನು ಬಣ್ಣಗಳಲ್ಲಿ ತೋರಿಸುವ ನಕ್ಷೆ ಇನ್ನೂ ಸ್ವಾರಸ್ಯಕರವಾದುದು. ಬೇಮ್‌ಸ್ಟರ್ ಎಂಬ ಸರೋವರವನ್ನು ಗಾಳಿಗಿರಣಿಗಳಿಂದ ಬತ್ತಿಸಿ 1612ರಲ್ಲಿ ಹೊಲ ಮಾಡಿದರು. ಹಾರ್ಲೆಮ್ ಸರೋವರವನ್ನು 1849ರಿಂದ 1852ರವರೆಗೆ ಮೂರು ಉಗಿಯಂತ್ರಗಳು ಬರಿದುಮಾಡಿದವು. ಇಂದು ಸ್ಕಿಪೋಲ್ ವಿಮಾನನಿಲ್ದಾಣದಲ್ಲಿ ಇಳಿಯುವ ಪ್ರಯಾಣಿಕನು ಇಳಿಯುವುದು ಆ ಸರೋವರದ ತಳಕ್ಕೇ. 1932ರಲ್ಲಿ ಝೈಡರ್ ಝೀ ಎಂಬ ಕೊಲ್ಲಿಯ ಬಾಯಿಗೆ 32 ಕಿಲೋಮೀಟರು ಉದ್ದದ ಕಟ್ಟೆ ಕಟ್ಟಿ ಮುಗಿಸಿದರು. ಒಳಗಿನ ಉಪ್ಪುನೀರು ಕ್ರಮೇಣ ಸಿಹಿಯಾಯಿತು. ಅಲ್ಲಿ ಮೇಲಕ್ಕೆದ್ದ ನೆಲವೇ 1986ರಲ್ಲಿ ಫ್ಲೆವೋಲಾಂಡ್ ಎಂಬ 12ನೆಯ ಪ್ರಾಂತವಾಯಿತು. ಹಿಂದೆ ದ್ವೀಪವಾಗಿದ್ದ ಸ್ಕೊಕ್‌ಲಾಂಡ್ ಈಗ ಹೊಲಗಳ ನಡುವಿನ ಒಂದು ದಿಬ್ಬ.

ಜ್ವರದ ನಕ್ಷೆ

ಮಲೇರಿಯಾ ಉಷ್ಣದೇಶಗಳ ಸೊತ್ತೆಂದು ನಾವು ತಿಳಿದಿದ್ದೇವೆ. ನೆದರ್ಲೆಂಡ್ಸಿನ ಕರಾವಳಿಯಲ್ಲಿಯೂ ಅದು ಶತಮಾನಗಳ ಕಾಲ ಬೀಡುಬಿಟ್ಟಿತ್ತು. 1809ರಲ್ಲಿ ವಾಲ್‌ಖರನ್ ದ್ವೀಪಕ್ಕೆ ದಂಡೆತ್ತಿ ಬಂದ ಸುಮಾರು 40,000 ಮಂದಿಯ ಬ್ರಿಟಿಷ್ ಸೇನೆಯಲ್ಲಿ ಕಾಳಗದಲ್ಲಿ ಮಡಿದವರು ನೂರರ ಆಸುಪಾಸು. ಮಲೇರಿಯಾವೂ ಸೇರಿದಂತೆ ಜ್ವರಗಳಿಂದ ಸತ್ತವರು ಸುಮಾರು 4,000. ಉಪ್ಪು ಬೆರೆತ ನೀರು ನಿಲ್ಲುತ್ತಿದ್ದ ಪ್ರದೇಶಗಳಿಗೆ ಒಂದು ಬಣ್ಣ ಹಚ್ಚಿ, ಮಲೇರಿಯಾ ನೆಲೆಸಿದ್ದ ಪ್ರದೇಶಗಳಿಗೆ ಗೆರೆ ಎಳೆದರೆ ಬಣ್ಣವೂ ಗೆರೆಯೂ ಬಹುಮಟ್ಟಿಗೆ ಒಂದರ ಮೇಲೊಂದು ಕೂಡುತ್ತವೆ. ರೋಗವನ್ನು ಹರಡುತ್ತಿದ್ದ ಅಲ್ಲಿನ ಸೊಳ್ಳೆಯ ಮರಿಗಳು ಸವಳು ನೀರಿನಲ್ಲಿಯೇ ಚೆನ್ನಾಗಿ ಬೆಳೆಯುತ್ತಿದ್ದುದೇ ಇದಕ್ಕೆ ಕಾರಣ. ಸವಳು ನೀರು ಕಡಿಮೆಯಾದುದು, ಕೀಟನಾಶಕ, ಔಷಧ, ಸುಧಾರಿಸಿದ ವಸತಿ ಎಲ್ಲವೂ ಸೇರಿ ರೋಗವನ್ನು ಓಡಿಸಿದವು. 1970ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ದೇಶವನ್ನು ಮಲೇರಿಯಾಮುಕ್ತವೆಂದು ಘೋಷಿಸಿತು.

ಹಿಗ್ಗುವ, ಕುಗ್ಗುವ ದೇಶ

ವಿಸ್ತೀರ್ಣಕ್ಕೆ ಬದಲಾಗಿ ಬೇರೊಂದು ಅಂಕಿಗೆ ತಕ್ಕಂತೆ ದೇಶಗಳನ್ನು ಹಿಗ್ಗಿಸಿ ಕುಗ್ಗಿಸುವ ನಕ್ಷೆಗಳೂ ಇವೆ. ಕೃಷಿ ಉತ್ಪನ್ನಗಳ ರಫ್ತಿನ ಮೌಲ್ಯವನ್ನು ಅಳತೆಯಾಗಿ ಹಿಡಿದರೆ, ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬಂತೆ, ಈ ದೇಶ ರಷ್ಯದಂಥ ಮಹಾದೇಶವನ್ನೂ ಮೀರಿ ಉಬ್ಬುತ್ತದೆ. ಅನೇಕ ವರ್ಷ ಅದು ಅಮೆರಿಕದ ನಂತರ ಎರಡನೆಯ ಸ್ಥಾನದಲ್ಲಿತ್ತು. ಆದರೆ ಇಲ್ಲಿ ಎಚ್ಚರ ಬೇಕು. ರಾಟರ್‌ಡ್ಯಾಮ್ ಬಂದರಿನಲ್ಲಿ ಇಳಿದು ಮತ್ತೆ ಬೇರೆಡೆಗೆ ಹೋಗುವ ಪರದೇಶದ ಸರಕೂ ಈ ರಫ್ತಿನಲ್ಲಿ ಸೇರಿದೆ. ವಹಿವಾಟು ಹೆಚ್ಚಿದ ಮಾತ್ರಕ್ಕೆ ಅದೆಲ್ಲವೂ ಸ್ವಂತ ಉತ್ಪಾದನೆಯಲ್ಲವೆಂಬುದು ವ್ಯಾಪಾರ ಬಲ್ಲವರಿಗೆ ಗೊತ್ತಿರುವ ಸಂಗತಿ. ನಕ್ಷೆಯನ್ನು ನೋಡುವಾಗ ಯಾವುದನ್ನು ಅಳೆದಿದ್ದಾರೆ ಎಂಬ ಪ್ರಶ್ನೆಯನ್ನು ಮರೆಯಲಾಗದು.

ಕಡತದಲ್ಲುಳಿದ ಎಚ್ಚರಿಕೆ

ಇಷ್ಟೆಲ್ಲ ಅಳತೆ ಬಲ್ಲ ದೇಶವೂ ಒಮ್ಮೆ ಭಾರಿ ಬೆಲೆ ತೆತ್ತಿತು. ನೈಋತ್ಯ ಭಾಗದ ತಡೆಗೋಡೆಗಳ ಎತ್ತರ ಸಾಲದೆಂದು ಯೋಹಾನ್ ಫಾನ್ ವೇನ್ ಎಂಬ ಸರ್ಕಾರಿ ಎಂಜಿನಿಯರು ವರ್ಷಗಳ ಮುಂಚಿನಿಂದಲೇ ಎಚ್ಚರಿಸುತ್ತಿದ್ದರು. ಆ ಲೆಕ್ಕಗಳು ಗೋಪ್ಯ ವರದಿಗಳಲ್ಲಿ ಉಳಿದುವೇ ಹೊರತು ಜನರನ್ನು ತಲುಪಲಿಲ್ಲ. 1953ರ ಜನವರಿ 31ರ ರಾತ್ರಿ ಬಿರುಗಾಳಿಯೂ ದೊಡ್ಡ ಉಬ್ಬರವೂ ಕೂಡಿ ಬಂದು ತಡೆಗೋಡೆಗಳು ಒಡೆದವು. 1,836 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಮಂದಿ ತಾವು ಮಲಗಿದ್ದ ಮನೆಗೂ ಸಮುದ್ರಕ್ಕೂ ನಡುವಣ ಅಪಾಯದ ಅಂತರವನ್ನು ಅರಿತಿರಲಿಲ್ಲ.

ಮುಂದಿನ ತಿಂಗಳೇ ಆಯೋಗ ನೇಮಕವಾಯಿತು. ದಶಕಗಳ ಕಾಲ ಕಟ್ಟೆಗಳ, ಬಾಗಿಲುಗಳ ನಿರ್ಮಾಣ ನಡೆದು, 1997ರಲ್ಲಿ ರಾಟರ್‌ಡ್ಯಾಮ್ ಜಲಮಾರ್ಗಕ್ಕೆ ಮುಚ್ಚಿ ತೆರೆಯಬಲ್ಲ ಬೃಹತ್ ಬಾಗಿಲು ಸಿದ್ಧವಾಯಿತು. ತಡೆಗೋಡೆಗಳನ್ನು ನೋಡಿಕೊಳ್ಳುವ ಜಲಮಂಡಳಿಗಳು ಅಲ್ಲಿ 13ನೆಯ ಶತಮಾನದಿಂದ ಇವೆ. ಅವಕ್ಕೆ ಚುನಾವಣೆಯೂ ಸ್ವಂತ ತೆರಿಗೆಯೂ ಉಂಟು. ಅವುಗಳಿಗೆ ಸಾಲ ಒದಗಿಸಲು 1954ರಲ್ಲಿ ಪ್ರತ್ಯೇಕ ಬ್ಯಾಂಕನ್ನೇ ಸ್ಥಾಪಿಸಿದರೆಂಬುದು ಬ್ಯಾಂಕಿನ ಕಸುಬಿನವನಾದ ನನಗೆ ವಿಶೇಷವಾಗಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ಇಂದು ಅಲ್ಲಿನ ನಾಗರಿಕನು ತನ್ನ ಅಂಚೆಸಂಖ್ಯೆಯನ್ನು ಅಂತರಜಾಲ ತಾಣದಲ್ಲಿ ಬರೆದರೆ, ಪ್ರವಾಹ ಬಂದಾಗ ತನ್ನ ಮನೆಯ ಬಳಿ ನೀರು ಎಷ್ಟು ಎತ್ತರಕ್ಕೆ ಬಂದೀತೆಂಬುದು ತಿಳಿಯುತ್ತದೆ. ಕಡತದಲ್ಲಿದ್ದ ನಕ್ಷೆ ಕೊನೆಗೆ ಮನೆಮನೆಗೆ ಬಂದಿತು.

ನಮ್ಮ ಮನೆಯ ನೆಲ

ನಾವು ನೆಲೆಸಿರುವ ನಗರಗಳಿಗೂ ಇಂಥ ನಕ್ಷೆಗಳ ಅಗತ್ಯವಿದೆ. ಮುಂಬಯಿ ಏಳು ದ್ವೀಪಗಳ ನಡುವಣ ನೀರನ್ನು ಮುಚ್ಚಿ ಬೆಳೆದ ನಗರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರು ಮಳೆ ಸುರಿದಾಗ ತಗ್ಗು ಪ್ರದೇಶಗಳು ತಮ್ಮ ಹಳೆಯ ಗುರುತನ್ನು ತೋರಿಸಿದವು. ಚೆನ್ನೈಯ ತ್ಯಾಗರಾಯನಗರ ಹಿಂದೆ ದೊಡ್ಡ ಕೆರೆಯಿದ್ದ ಜಾಗದಲ್ಲಿ ನಿಂತಿದೆ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ.

ಮನೆಸಾಲದ ಕಡತಗಳನ್ನು ನಾನು ಬಹಳ ನೋಡಿದ್ದೇನೆ. ಕ್ರಯಪತ್ರ, ಋಣಭಾರ ಪತ್ರ, ಮಂಜೂರಾದ ನಕ್ಷೆ, ಮೌಲ್ಯಮಾಪನ ವರದಿ ಎಲ್ಲವೂ ಅವುಗಳಲ್ಲಿ ಇರುತ್ತವೆ. ಆದರೆ ಆ ನೆಲ ಸುತ್ತಲಿನ ರಸ್ತೆಗಿಂತ ಎಷ್ಟು ತಗ್ಗು, ಐವತ್ತು ವರ್ಷದ ಹಿಂದೆ ಅಲ್ಲಿ ಏನಿತ್ತು ಎಂಬುದನ್ನು ಹೇಳುವ ಒಂದು ಹಾಳೆಯೂ ಸಾಮಾನ್ಯವಾಗಿ ಇರುವುದಿಲ್ಲ. ಜೀವಮಾನದ ಉಳಿತಾಯವನ್ನೆಲ್ಲ ಹಾಕಿ, ಇಪ್ಪತ್ತು ವರ್ಷ ಕಂತು ಕಟ್ಟುವ ಒಪ್ಪಂದಕ್ಕೆ ಸಹಿ ಮಾಡುವವನು ಆ ಹಾಳೆಯನ್ನು ತಾನೇ ಒದಗಿಸಿಕೊಳ್ಳಬೇಕಾಗಿದೆ.

ಅದು ಕಷ್ಟದ ಕೆಲಸವೇನಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳಲ್ಲಿ ಕೆರೆ, ಹಳ್ಳ, ಜೌಗುನೆಲಗಳ ಗುರುತು ಸಿಗುತ್ತದೆ. ಇಸ್ರೋ ಸಂಸ್ಥೆಯು 2009ರಲ್ಲಿ ಆರಂಭಿಸಿದ ಭುವನ್ ತಾಣದಲ್ಲಿ ಉಪಗ್ರಹ ಚಿತ್ರಗಳನ್ನು ನೋಡಬಹುದು. ಅಕ್ಕಪಕ್ಕದ ಹಳೆಯ ನಿವಾಸಿಗಳನ್ನು ವಿಚಾರಿಸಿದರೆ ಯಾವ ವರ್ಷ ನೀರು ಯಾವ ಮೆಟ್ಟಿಲವರೆಗೆ ಬಂದಿತ್ತೆಂಬುದನ್ನು ಬೆರಳಿಟ್ಟು ತೋರಿಸುತ್ತಾರೆ. ಮುಂಗಡ ಕೊಡುವ ಮುನ್ನ ಒಮ್ಮೆ ಮಳೆಗಾಲದ ದಿನವೇ ಆ ಜಾಗಕ್ಕೆ ಹೋಗಿ ನೋಡಿಬರುವುದು ಒಳ್ಳೆಯದು.