ಗಬ್ಬದ ಹಸುವಿಗೆ ಬಿಡುವು, ಬಸುರಿ ಸೊಸೆಗೆ?

ಹಾಲು ಉತ್ಪಾದಕ ಸಹೋದರಿಯರೇ, ಗಬ್ಬದ ಹಸುವಿಗೆ ಕರು ಹಾಕುವ ಎರಡು ತಿಂಗಳು ಮೊದಲೇ ಹಾಲು ಬತ್ತಿಸಿ ಬಿಡುವು ಕೊಡುತ್ತೀರಿ. ಮೇವು, ಹಿಂಡಿ ಮಾತ್ರ ನಿಲ್ಲಿಸುವುದಿಲ್ಲ. ಸಂಡೂರಿನ ಗಣಿಗೋ, ಹೊಸಪೇಟೆ, ಹಂಪಿಯ ಹೋಟೆಲಿಗೋ ದುಡಿಯಲು ಹೋಗುವ ನಿಮ್ಮ ಮಗಳು, ಸೊಸೆ ಬಸುರಾದಾಗ? ‘ದಿನಗೂಲಿಯವರಿಗೆ ಏನೂ ಬರೋದಿಲ್ಲ’ ಎಂದು ಮೇಸ್ತ್ರಿ ಅಂದರೆ ಸುಮ್ಮನೆ ಮನೆಗೆ ಬಂದುಬಿಡುತ್ತಾರೆ.

ಆ ಮಾತು ಸುಳ್ಳು. ದೆಹಲಿ ಪಾಲಿಕೆಯಲ್ಲಿ ಮಸ್ಟರ್ ರೋಲ್ ಮೇಲೆ ರಸ್ತೆ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳು ಇದೇ ಪ್ರಶ್ನೆ ಎತ್ತಿ ಹೋರಾಡಿದರು. 2000ದ ಮಾರ್ಚ್ 8ರಂದು ಸುಪ್ರೀಂ ಕೋರ್ಟ್, ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಕೊಡಬೇಕೆಂದು ತೀರ್ಪಿತ್ತಿತು. ಗಣಿ, ಕಾರ್ಖಾನೆ, 10 ಅಥವಾ ಹೆಚ್ಚು ಜನ ದುಡಿಯುವ ಅಂಗಡಿ, ಹೋಟೆಲು ಯಾವುದೇ ಇರಲಿ, ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಮೊದಲ ಎರಡು ಮಕ್ಕಳಿಗೆ 26 ವಾರ ಕೂಲಿಸಹಿತ ರಜೆ. ಆ ರಜೆಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ. ಹಾಜರಿ, ಕೂಲಿ ಚೀಟಿ ಜೋಪಾನ ಮಾಡಿಸಿ. ಅರ್ಜಿ ಬರೆದೇ ಕೊಡಲಿ, ಒಂದು ಪ್ರತಿ ಮನೆಯಲ್ಲಿರಲಿ. ಕೊಡದಿದ್ದರೆ ಹೋಟೆಲಿನವರು ಕಾರ್ಮಿಕ ನಿರೀಕ್ಷಕರಿಗೆ, ಗಣಿಯವರು ಕೇಂದ್ರದ ಕಾರ್ಮಿಕ ಅಧಿಕಾರಿಗೆ ದೂರು ಕೊಡಬೇಕು.

ಇನ್ನು ಕಂಪ್ಲಿ ಕಡೆ ಮನೆಯಲ್ಲೇ ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುವ ನಿಮಗೆ ಮಾಲೀಕರಿಲ್ಲ, ಹಾಗಾಗಿ ಈ ರಜೆಯೂ ಇಲ್ಲ. ಎರಡು ಹೊತ್ತು ಹಾಲು ಕರೆಯುವುದೂ ದುಡಿಮೆಯೇ ಅಲ್ಲವೇ? ಸದ್ಯಕ್ಕೆ ನಿಮಗಿರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆ: ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ರೂ., ಎರಡನೆಯದು ಹೆಣ್ಣಾದರೆ 6,000 ರೂ. ಬಿಪಿಎಲ್ ಕಾರ್ಡ್ ಇಲ್ಲವೇ ನರೇಗಾ ಜಾಬ್ ಕಾರ್ಡ್, ತಾಯಿ ಕಾರ್ಡ್, ಆಧಾರ್ ಜೋಡಿಸಿದ ಪಾಸ್‌ಬುಕ್ ಹಿಡಿದು ಅಂಗನವಾಡಿಗೆ ಹೋಗಿ. ಖಾತೆ ನಿಮ್ಮ ಹೆಸರಿನದೇ ಆಗಿರಬೇಕು. ಗಂಡನ ಖಾತೆಗೆ ಈ ಹಣ ಬರುವುದಿಲ್ಲ.