ಬಾವುಟ ಹಿಡಿಯಲು ನಾಚುತ್ತಿದ್ದ ಜರ್ಮನ್ನರು

ನಮ್ಮಲ್ಲಿ ಕ್ರಿಕೆಟ್ ಪಂದ್ಯವೆಂದರೆ ಕೆನ್ನೆಗೆ ತ್ರಿವರ್ಣ ಬಳಿದುಕೊಳ್ಳುವುದು ಮಾಮೂಲು. ಆದರೆ ಜರ್ಮನಿಯಲ್ಲಿ ಬಹಳ ಕಾಲ ಹೀಗಿರಲಿಲ್ಲ. 1954, 1974 ಮತ್ತು 1990ರಲ್ಲಿ ಫುಟ್‌ಬಾಲ್ ವಿಶ್ವಕಪ್ ಗೆದ್ದ ದೇಶವಾದರೂ, ಮನೆಯ ಮುಂದೆ ರಾಷ್ಟ್ರಧ್ವಜ ಕಟ್ಟಿದವರನ್ನು ಅಲ್ಲಿ ಅನೇಕರು ಸಂಶಯದಿಂದಲೇ ನೋಡುತ್ತಿದ್ದರು.

ಇದಕ್ಕೆ ಕಾರಣ ಹಿಟ್ಲರನ ಆಳ್ವಿಕೆ. 1933ರಿಂದ 1945ರವರೆಗೆ ದೇಶಾಭಿಮಾನದ ಹೆಸರಿನಲ್ಲಿ ನಡೆದ ದೌರ್ಜನ್ಯಕ್ಕೆ ಸುಮಾರು 60 ಲಕ್ಷ ಯಹೂದಿಗಳು ಬಲಿಯಾದರು. ಹಾಗೆ ನೋಡಿದರೆ ಕಪ್ಪು, ಕೆಂಪು, ಚಿನ್ನದ ಬಣ್ಣದ ಬಾವುಟ ಹಿಟ್ಲರನದಲ್ಲ. 1848ರಲ್ಲಿ ಪ್ರಜಾಪ್ರಭುತ್ವಕ್ಕಾಗಿ ಹೋರಾಡಿದವರ ಬಾವುಟವದು. ನಾಜಿಗಳು ಅದನ್ನು ತೆಗೆದುಹಾಕಿದ್ದರು, 1949ರಲ್ಲಿ ಮತ್ತೆ ಬಂತು. ಆದರೂ 'ನಮ್ಮ ದೇಶ' ಎಂದು ಗಟ್ಟಿಯಾಗಿ ಹೇಳಲು ಜನರಿಗೆ ನಾಲಿಗೆ ಏಳುತ್ತಿರಲಿಲ್ಲ. ರಾಷ್ಟ್ರಗೀತೆಯಲ್ಲೂ ಮೂರನೇ ಚರಣವನ್ನಷ್ಟೇ ಹಾಡುವ ಪದ್ಧತಿ 1952ರಿಂದ ಇದೆ. 1954ರಲ್ಲಿ ಬರ್ನ್‌ನಲ್ಲಿ ಕಪ್ ಗೆದ್ದಾಗ ಅಭಿಮಾನಿಗಳು ಮೊದಲ ಚರಣ ಹಾಡಿದ್ದು ಹೊರದೇಶಗಳಲ್ಲಿ ಅಸಮಾಧಾನಕ್ಕೆ ಕಾರಣವಾಗಿತ್ತು.

1990ರಲ್ಲಿ ಪೂರ್ವ, ಪಶ್ಚಿಮ ಜರ್ಮನಿಗಳು ಒಂದಾದಾಗ ಬಾವುಟಗಳು ಹಾರಾಡಿದವು. ಆದರೆ ಸ್ವಲ್ಪ ಕಾಲದಲ್ಲೇ ವಲಸಿಗರ ಮೇಲೆ ದಾಳಿಗಳು ಶುರುವಾದವು. 1993ರಲ್ಲಿ ಸೋಲಿಂಗೆನ್ ಪಟ್ಟಣದಲ್ಲಿ ಮನೆಗೆ ಬೆಂಕಿ ಹಚ್ಚಿದ್ದರಿಂದ ಟರ್ಕಿ ಮೂಲದ ಐವರು ಸತ್ತರು. ಜನರ ಹಿಂಜರಿಕೆ ಮರಳಿತು.

ಬದಲಾವಣೆ ಕಣ್ಣಿಗೆ ಕಂಡದ್ದು 2006ರಲ್ಲಿ. ಆ ವರ್ಷದ ವಿಶ್ವಕಪ್ ಜರ್ಮನಿಯಲ್ಲೇ ನಡೆಯಿತು. ಕಾರು, ಕಿಟಕಿ, ಕೆನ್ನೆ ಎಲ್ಲೆಲ್ಲೂ ಮೂರು ಬಣ್ಣ. ಬರ್ಲಿನ್‌ನ ಬ್ರಾಂಡೆನ್‌ಬರ್ಗ್ ದ್ವಾರದ ಬಳಿ ಲಕ್ಷಾಂತರ ಜನ ದೊಡ್ಡ ಪರದೆಯಲ್ಲಿ ಪಂದ್ಯ ನೋಡಿದರು. ತಂಡ ಸೆಮಿಫೈನಲ್‌ನಲ್ಲಿ ಇಟಲಿಗೆ ಸೋತರೂ ಹಬ್ಬ ನಿಲ್ಲಲಿಲ್ಲ. ಯಾರನ್ನೂ ದ್ವೇಷಿಸದೆ ದೇಶದ ಬಗ್ಗೆ ಹೆಮ್ಮೆ ಪಡಬಹುದೆಂದು ಅನೇಕರಿಗೆ ಅನಿಸಿತು. ಪಂದ್ಯದ ನೆಪದಲ್ಲಿ ಹಳೆಯ ರಾಷ್ಟ್ರವಾದ ಒಳಗೆ ನುಸುಳಬಹುದೆಂದು ಎಚ್ಚರಿಸಿದವರೂ ಇದ್ದರು.

2008ರ ಯುರೋ ಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಮತ್ತು ಟರ್ಕಿ ಎದುರಾದಾಗ ಬರ್ಲಿನ್‌ನ ಎಷ್ಟೋ ಕಾರುಗಳ ಮೇಲೆ ಎರಡೂ ದೇಶಗಳ ಬಾವುಟಗಳಿದ್ದವು. ತಾಯ್ನುಡಿ ಒಂದು, ನೆಲೆ ಇನ್ನೊಂದು ಆದವರಿಗೆ ಇದು ಅರ್ಥವಾಗದ ಮಾತಲ್ಲ.

ಆದರೆ ಈ ಒಪ್ಪಿಗೆ ಎಷ್ಟು ಗಟ್ಟಿ ಎಂಬುದು ಸೋಲಿನಲ್ಲಿ ತಿಳಿಯಿತು. 2018ರ ಮೇ ತಿಂಗಳಲ್ಲಿ ಟರ್ಕಿ ಮೂಲದ ಆಟಗಾರರಾದ ಮೆಸುಟ್ ಓಜಿಲ್ ಮತ್ತು ಇಲ್ಕೆ ಗುಂಡೋಗನ್ ಟರ್ಕಿ ಅಧ್ಯಕ್ಷ ಎರ್ಡೋಗನ್ ಜೊತೆ ಫೋಟೋ ತೆಗೆಸಿಕೊಂಡರು. ಸ್ವದೇಶದ ಅಂಗಳದಲ್ಲೇ ಗುಂಡೋಗನ್ ಕೂಗಾಟ ಎದುರಿಸಬೇಕಾಯಿತು. ವಿಶ್ವಕಪ್‌ನಲ್ಲಿ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. 2014ರಲ್ಲಿ ಕಪ್ ಗೆದ್ದ ತಂಡದಲ್ಲಿದ್ದ ಓಜಿಲ್, ಗೆದ್ದಾಗ ತಾನು ಜರ್ಮನ್, ಸೋತಾಗ ವಲಸಿಗ ಎಂಬ ನೋವು ಹೇಳಿಕೊಂಡು ರಾಷ್ಟ್ರೀಯ ತಂಡ ಬಿಟ್ಟರು.

ಈ ನಡುವೆ ವಲಸೆ ವಿರೋಧಿ ಮೆರವಣಿಗೆಗಳಲ್ಲೂ ಅದೇ ಬಾವುಟ ಕಾಣಿಸಿಕೊಂಡದ್ದರಿಂದ ಕೆಲವರ ಹಿಂಜರಿಕೆ ಮತ್ತೆ ಹೆಚ್ಚಿತು. 2024ರಲ್ಲಿ ಯುರೋ ಕಪ್ ಜರ್ಮನಿಯಲ್ಲಿ ನಡೆದಾಗ ಬೀದಿಗಳಲ್ಲಿ ಮತ್ತೆ ಮೂರು ಬಣ್ಣ ಕಂಡಿತು. ಆ ತಂಡದ ನಾಯಕ, ಆರು ವರ್ಷದ ಹಿಂದೆ ಕೂಗಾಟ ಕೇಳಿಸಿಕೊಂಡಿದ್ದ ಇದೇ ಗುಂಡೋಗನ್.